ಸಾಹೇಬರ ಮಾತು ಮುಗಿಯುವ ತನಕ

ಜಿಲ್ಲೆಯ ವೈರ್‌ಲೆಸ್ಸುಗಳೆಲ್ಲ ಒಂದಾದ ದಿನ ಡಿಸಿ ಕಚೇರಿಯ ಮುಂದೆ ಪೆಂಡಾಲು ಹಾಕಿದ್ದರು. ಮೇಜಿನ ಮೇಲೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬೂದು ಬಣ್ಣದ ಒಂದು ಪೆಟ್ಟಿಗೆ ಕೂತಿತ್ತು. ಅಕ್ಕಿಡಬ್ಬಿಯಷ್ಟು ದೊಡ್ಡದು. ಅದರ ಹೆಸರು ಏಕವಾಣಿ.

ಅಲ್ಲಿಯವರೆಗೆ ಜಿಲ್ಲೆಯಲ್ಲಿ ಒಬ್ಬರ ಸೆಟ್ಟು ಇನ್ನೊಬ್ಬರ ಸೆಟ್ಟಿಗೆ ಮಾತು ಕೊಡುತ್ತಿರಲಿಲ್ಲ. ಪೊಲೀಸರದು ಹೊಸ ನಮೂನೆ, ಹೊರಗಿನವರಿಗೆ ತಿಳಿಯದಂತೆ ಬೀಗ ಹಾಕಿದ ಮಾತು. ಅಗ್ನಿಶಾಮಕದವರದು ಅಜ್ಜನ ಕಾಲದ್ದು, ಗರಗರ ಅನ್ನುವಂಥದ್ದು. ಆಂಬುಲೆನ್ಸಿನವರದು ಮೊಬೈಲ್ ಟವರ್ ನಂಬಿದ್ದು. ಕಾರ್ಖಾನೆಗಳದು ಅವರವರ ಸ್ವಂತದ್ದು. ಬೆಂಕಿ ಒಂದೇ ಆದರೂ ಅದನ್ನು ಆರಿಸಲು ಬಂದವರು ನಾಲ್ಕು ಊರಿನವರ ಹಾಗೆ ಮುಖ ನೋಡುತ್ತ ನಿಲ್ಲಬೇಕಾಗಿತ್ತು. ಆಗ ಅವರ ನಡುವಿನ ಸೇತುವೆ ಅಂದರೆ ಮಹಾನಂದಾ ಚಲವಾದಿ, ಪೊಲೀಸ್ ಕಂಟ್ರೋಲ್ ರೂಮಿನ ವೈರ್‌ಲೆಸ್ ಹೆಡ್ ಕಾನ್‌ಸ್ಟೆಬಲ್. ನಾಲ್ಕು ಸೆಟ್ಟು ಮುಂದಿಟ್ಟುಕೊಂಡು, ಒಂದರಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳಿ ಹೇಳಿ ಅವಳ ಗಂಟಲು ಒಣಗುತ್ತಿತ್ತು. ಇನ್ನು ಆ ಕೆಲಸ ಪೆಟ್ಟಿಗೆಯದು. ಯಾವ ಸೆಟ್ಟಿನ ಮಾತೇ ಬರಲಿ, ಅದನ್ನು ಬಿಚ್ಚಿ, ಉಳಿದವರ ಸೆಟ್ಟಿಗೆ ಹೊಂದುವ ಹಾಗೆ ಮತ್ತೆ ಕಟ್ಟಿ ಕಳಿಸುತ್ತದೆ. ಅಕಸ್ಮಾತ್ ಪೆಟ್ಟಿಗೆ ನಿಂತುಹೋದರೆ ಸೆಟ್ಟುಗಳು ತಾವಾಗಿಯೇ ತಂತಮ್ಮ ಹಳೆಯ ಚಾನೆಲ್ಲಿಗೆ ಮರಳುತ್ತವೆ, ಹೆದರಬೇಡಿ ಎಂದು ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಶ್ರೀವತ್ಸ ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು.

ಪೆಟ್ಟಿಗೆಯನ್ನು ದಾನ ಕೊಟ್ಟವರು ಕರಿಗುಡ್ಡ ಕೈಗಾರಿಕಾ ವಲಯದ ಕಾರ್ಖಾನೆ ಮಾಲೀಕರ ಸಂಘದವರು. ಮಹಾನಂದಾಳಿಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲೇ. ಕೂಲಿಯವರಿಗೆ ಸರಿಯಾದ ಮುಖವಾಡ ಕೊಡ್ರಪ್ಪಾ ಎಂದರೆ ವರ್ಷಗಟ್ಟಲೆ ಕಿವಿಗೆ ಹಾಕಿಕೊಳ್ಳದ ಮಂದಿ, ಯಾರೂ ಕೇಳದ್ದನ್ನು ಹೂವಿನ ಮಾಲೆ ಸಮೇತ ತಂದು ಕೊಡುತ್ತಾರೆಂದರೆ ಅನುಮಾನವಲ್ಲದೆ ಇನ್ನೇನು ಬಂದೀತು?

ಅವಳ ಗಂಡ ಪರಸಪ್ಪ ಅದೇ ವಲಯದ ಗುತ್ತಿಗೆ ರಕ್ಷಣಾ ದಳದಲ್ಲಿದ್ದ. ಮೊದಲು ಕಾರ್ಖಾನೆಯ ಟ್ಯಾಂಕು ತೊಳೆಯುತ್ತಿದ್ದವರನ್ನೇ ಆರಿಸಿ, ಕಿತ್ತಳೆ ಬಣ್ಣದ ಅಂಗಿ ತೊಡಿಸಿ ದಳ ಕಟ್ಟಿದ್ದರು. ಗ್ಯಾಸು ಸೋರಿದರೆ, ಬೆಂಕಿ ಬಿದ್ದರೆ ಎಲ್ಲರಿಗಿಂತ ಮುಂದೆ ಒಳಗೆ ಹೋಗುವವರು ಇವರು. ಸಾಹೇಬರ ಗಾಡಿಗಳು ಗಾಳಿಯ ದಿಕ್ಕು ನೋಡಿ ದೂರ ನಿಲ್ಲುತ್ತಿದ್ದವು.

ಏಕವಾಣಿಯ ತಾಲೀಮುಗಳು ಶುರುವಾದವು. ಸುಳ್ಳು ಬೆಂಕಿ, ಸುಳ್ಳು ಗಾಯಾಳುಗಳು, ನಿಜವಾದ ಮಾತು. ಕಂಟ್ರೋಲ್ ರೂಮಿನಲ್ಲಿ ಕೂತು ಕೇಳುತ್ತಿದ್ದ ಮಹಾನಂದಾಳಿಗೆ ಒಂದು ಸಂಗತಿ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡತೊಡಗಿತು. ಡಿಸಿ ಸಾಹೇಬರು "ದಳದವರು ತಲುಪಿದ್ರಾ?" ಎಂದು ಕೇಳುತ್ತಿದ್ದರು. ನಡುವೆ ಕಾರ್ಖಾನೆಯ ಮ್ಯಾನೇಜರು, ಎಸ್‌ಪಿ, ಅಗ್ನಿಶಾಮಕದ ಅಧಿಕಾರಿ, ಎಲ್ಲರ ಮಾತೂ ಆಗಿ, ಪ್ರಶ್ನೆ ಕೇಳಿದ್ದೇ ಮರೆತುಹೋದ ಮೇಲೆ ಪರಸಪ್ಪನ ದನಿ ಬರುತ್ತಿತ್ತು: "ತಲುಪೀವ್ರಿ ಸಾಹೇಬ್ರ." ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಏಕವಾಣಿಯ ಪರದೆಯ ಮೇಲೆ ಮಾತ್ರ ಎಲ್ಲ ಸರಿಯಿದೆ ಎನ್ನುವ ಹಸಿರು.

ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿದಳು.

"ಇವತ್ತ ಡಿಸಿ ಕೇಳಿದ ಕೂಡಲೇ ಯಾಕ ಮಾತಾಡಲಿಲ್ಲ ನೀವು?"

"ಆಡಿದ್ನಲ್ಲ."

"ಯಾವಾಗ?"

"ಅವ್ರು ಕೇಳಿದ ಕೂಡಲೇ ಗುಂಡಿ ಒತ್ತಿದೆ. ಅಷ್ಟರಾಗ ಮ್ಯಾನೇಜರ ಸುರು ಮಾಡಿದ. ಬಿಟ್ಟೆ. ಮುಂದ ಎಸ್‌ಪಿ ಸಾಹೇಬ್ರು. ಮತ್ತ ಬಿಟ್ಟೆ."

"ಬಿಡೂದ್ಯಾಕ?"

ಪರಸಪ್ಪ ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿದ. "ಸಾಹೇಬ್ರು ಮಾತಾಡೂವಾಗ ನಡುವ ಬಾಯಿ ಹಾಕೂದೇನು? ನಮ್ಮ ದಳದ ಬಸಣ್ಣ ಒಮ್ಮಿ ಹಾಕಿದ್ದ, ಮೀಟಿಂಗಿನಾಗ. ಮುಖವಾಡ ಸೋರ್ತಾವ್ರಿ ಅಂತ. ಮರುದಿನ ಗೇಟಿನಾಗ ಬಿಡಲಿಲ್ಲ ಅವನ್ನ. ಈಗ ಮೆಣಸಿನಕಾಯಿ ಚೀಲ ಹೊರತಾನ."

"ಮೊದಲ ನಮ್ಮ ಚಾನೆಲ್ಲಿನಾಗ ನಾವ ಇರತಿದ್ದೆವು. ನಗತಿದ್ದೆವು, ಬೈತಿದ್ದೆವು," ಎಂದ ಮತ್ತೆ. "ಈಗ ಸೆಟ್ಟಿನಾಗ ಯಾವಾಗ ನೋಡಿದ್ರೂ ಒಬ್ಬ ಸಾಹೇಬ ಇದ್ದ ಇರತಾನ. ನಮ್ಮ ಪಾಳಿ ಬರೂದರಾಗ ಮಾತ ಹಳಸಿರ್ತೈತಿ."

ಮಹಾನಂದಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಗಂಡ ಬಿಟ್ಟುಕೊಟ್ಟದ್ದು ಸರಿ. ಆದರೆ ಬಿಟ್ಟುಕೊಡದೆ ಆಡಿದ ಮಾತೂ ತಡವಾಗಿ ಬಂದದ್ದನ್ನು ಅವಳ ಕಿವಿ ಕೇಳಿತ್ತು. ಇಷ್ಟು ವರ್ಷ ಆ ಕಿವಿಯಿಂದಲೇ ಅನ್ನ ತಿಂದವಳು.

ಭಾನುವಾರ ಮಧ್ಯಾಹ್ನ, ಚಾರ್ಜಿಂಗ್ ಪರೀಕ್ಷೆ ಎಂದು ನೆಪ ಹೇಳಿ ಎರಡು ಸೆಟ್ಟು ಮನೆಗೆ ತಂದಳು. ಒಂದು ಡಿಸಿ ಸಾಹೇಬರ ಹೆಚ್ಚುವರಿ ಸೆಟ್ಟು. ಇನ್ನೊಂದನ್ನು ಅತ್ತೆ ದುರಗವ್ವನ ಕೈಗೆ ಕೊಟ್ಟಳು. ಗಂಡನ ಸೆಟ್ಟು ಗಂಡನ ಹತ್ತಿರವೇ ಇತ್ತು. ಮೂರನ್ನೂ ಏಕವಾಣಿಯಲ್ಲಿ ತಾಲೀಮಿಗೆಂದು ಬಿಟ್ಟ ಖಾಲಿ ಚಾನೆಲ್ಲಿಗೆ ತಿರುಗಿಸಿದಳು.

"ಇದನ್ನ ಕಿವಿಗೆ ಹಿಡಕೊಂಡು ಕೂಡ್ರಿ ಅತ್ತಿ. ನಾವಿಬ್ರೂ ಒಮ್ಮೆಲೇ ಮಾತಾಡ್ತೀವಿ. ಯಾರ ಮಾತ ಮೊದಲ ಬರತೈತಿ ಹೇಳ್ರಿ."

"ನಿಮ್ಮಿಬ್ಬರ ಜಗಳ ಕೇಳಾಕ ಇದ್ಯಾಕ ಬೇಕವಾ," ಎಂದಳು ದುರಗವ್ವ, ಕಡಲೆ ಹಸನು ಮಾಡುತ್ತಿದ್ದ ಮೊರ ಪಕ್ಕಕ್ಕಿಟ್ಟು. "ಬರೇ ಕಿವಿಗೇ ಕೇಳತೈತಲ್ಲ, ಓಣಿ ಮಂದಿಗೂ."

ಮಹಾನಂದಾ ಡಿಸಿ ಸೆಟ್ಟು ಹಿಡಿದು ಮಾಳಿಗೆಗೆ ಹೋದಳು, ಪರಸಪ್ಪ ತನ್ನದನ್ನು ಹಿಡಿದು ಹಿತ್ತಿಲಿಗೆ. ಇಬ್ಬರೂ ಒಟ್ಟಿಗೇ ಗುಂಡಿ ಒತ್ತಿ ತಂತಮ್ಮ ಹೆಸರು ಹೇಳಿದರು. ಎಷ್ಟು ಸಲ ಮಾಡಿದರೂ ದುರಗವ್ವನದು ಒಂದೇ ಮಾತು: "ಮೊದಲ ನಂದಾಂದು. ಪರಸ್ಯಾಂದು ಆಮ್ಯಾಲ."

"ಈಗ ಸೆಟ್ಟ ಬದಲ ಮಾಡೂಣು."

ಡಿಸಿ ಸೆಟ್ಟು ಕೈಗೆ ಬಂದದ್ದೇ ಪರಸಪ್ಪ ಬೆನ್ನು ನೆಟ್ಟಗೆ ಮಾಡಿದ. ಹೆಂಡತಿ ಹೆಸರು ಹೇಳುವ ಗಳಿಗೆಗೇ ಗುಂಡಿ ಒತ್ತಿ, ಮೂಗಿನಿಂದ ಹೇಳಿದ: "ಯಾರಿದ್ದೀರಿ ಅಲ್ಲಿ? ಚಹಾ ಕಳಿಸಿ."

ದುರಗವ್ವ ಸೆಟ್ಟನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. "ಈಗ ಇವಂದ ಮೊದಲ ಬಂತಲ್ಲ. ಚಾ ಅಂತ, ಚಾ. ಸೊಸಿ ಸದ್ದ ಇಲ್ಲ."

ಮೂವರೂ ನಕ್ಕರು. ನಗುತ್ತ ನಗುತ್ತಲೇ ಮಹಾನಂದಾ ಕೈಯಲ್ಲಿದ್ದ ಗಂಡನ ಸೆಟ್ಟನ್ನು ತಿರುಗಿಸಿ ನೋಡಿದಳು. ಬಾಯಿ ಯಾರದಾದರೂ ಪೆಟ್ಟಿಗೆ ಕೇಳುತ್ತಿದ್ದುದು ಸೆಟ್ಟನ್ನು. ಯಾವ ಸೆಟ್ಟು ಯಾರದೆಂದು ಅದಕ್ಕೆ ಗೊತ್ತಿತ್ತು. ಯಾರನ್ನು ಕಾಯಿಸಬಹುದು ಎನ್ನುವುದೂ ಗೊತ್ತಿತ್ತು.

ಸೋಮವಾರ ಶ್ರೀವತ್ಸನನ್ನು ಹಿಡಿದಳು. ಅವನು ಕಂಟ್ರೋಲ್ ರೂಮಿನ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಕೂತಿದ್ದ.

"ದಳದವರ ಮಾತನ್ನ ಹಿಂದ ಹಾಕಂತ ಯಾರು ಬರದಾರ್ರಿ ಇದರಾಗ?"

"ಯಾರೂ ಬರೆದಿಲ್ಲ ಮೇಡಂ."

"ಮ್ಯಾನೇಜರ ಹೇಳಿದ್ನೇನು?"

"ಅಯ್ಯೋ, ಇಲ್ಲ ಮೇಡಂ. ಕೂತ್ಕೊಳ್ಳಿ, ಹೇಳ್ತೀನಿ." ಶ್ರೀವತ್ಸ ಕನ್ನಡಕ ಒರೆಸಿಕೊಂಡ. "ಎಲ್ಲರನ್ನೂ ಒಂದೇ ದಾರಿಗೆ ತಂದ ಮೇಲೆ, ಮೂರು ಜನ ಒಟ್ಟಿಗೆ ಮಾತಾಡಿದ್ರೆ ಯಾರನ್ನ ಮುಂದೆ ಬಿಡಬೇಕು? ಉಳಿದವರ ಮಾತನ್ನ ಪೆಟ್ಟಿಗೆ ತನ್ನ ಹೊಟ್ಟೇಲಿ ಹಿಡಿದಿಟ್ಕೊಂಡು ಆಮೇಲೆ ಬಿಡುತ್ತೆ. ತುಂಬಾ ತಡವಾದ್ರೆ ಎಸೆದುಬಿಡುತ್ತೆ, ಹಳೇ ಸುದ್ದಿ ಕೊಟ್ಟು ಗೊಂದಲ ಆಗಬಾರದಲ್ಲ. ಯಾರು ಮೊದಲು ಅನ್ನೋದನ್ನ ನಾವು ಹೇಳಿಕೊಟ್ಟಿಲ್ಲ. ತಾಲೀಮು ನೋಡಿ ಅದೇ ಕಲಿತಿದೆ. ಇಬ್ಬರು ಅಡ್ಡಬಂದಾಗ ಯಾರು ಗುಂಡಿ ಬಿಡ್ತಾರೆ, ಯಾರು ಬಿಡಲ್ಲ ಅಂತ ನೋಡುತ್ತೆ. ಬಿಟ್ಟುಕೊಟ್ಟವರ ಮಾತು ಅಷ್ಟು ತುರ್ತಿನದಲ್ಲ ಅಂತ ಅದರ ತರ್ಕ."

"ಬಿಟ್ಟುಕೊಟ್ಟವರ ಮಾತು ತುರ್ತಿಂದಲ್ಲ," ಎಂದು ಮಹಾನಂದಾ ಅವನ ಮಾತನ್ನೇ ನಿಧಾನವಾಗಿ ಹೇಳಿದಳು. "ದಳದವರು ಎಲ್ಲಿ ಅದಾರ?"

"ಕೊನೇಲಿ."

"ಮ್ಯಾನೇಜರ?"

ಶ್ರೀವತ್ಸ ಪರದೆ ನೋಡಿದ, ಅವಳನ್ನು ನೋಡಲಿಲ್ಲ. "ಡಿಸಿ ಆದಮೇಲೆ ಅವರೇ."

"ಪೆಟ್ಟಿಗಿ ಕೊಟ್ಟವರು ಅವರ ಅಲ್ಲೇನ್ರಿ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ಅವರು ಯಾರಿಗೂ ಬಿಟ್ಟುಕೊಡಲ್ಲ, ಅಷ್ಟೇ. ಯಂತ್ರ ನಿಮ್ಮನ್ನ ನೋಡಿ ಕಲಿತಿದ್ದು. ನಮ್ಮದೇನೂ ಕೈವಾಡ ಇಲ್ಲ."

ನಿಮ್ಮನ್ನ ನೋಡಿ ಎಂದನಲ್ಲ, ಆ 'ನಿಮ್ಮ' ಯಾರೆಂದು ಮಹಾನಂದಾ ಯೋಚಿಸಿದಳು. ನೂರಾರು ವರ್ಷ ಕಟ್ಟೆಯ ಕೆಳಗೆ ನಿಲ್ಲಿಸಿದವರು ಇದ್ದರು, ನಿಂತವರೂ ಇದ್ದರು. ನಿಂತದ್ದನ್ನಷ್ಟೇ ನೋಡಿ ಕಲಿತ ಯಂತ್ರಕ್ಕೆ ನಿಲ್ಲಿಸಿದ ಕೈ ಕಾಣಿಸುವುದಿಲ್ಲ. ಕಾಣದ ಹಾಗೆಯೇ ಕಟ್ಟಿದ್ದಾರೋ, ಕಟ್ಟಿದವರಿಗೇ ಕಾಣದೋ? ಅವಳಿಗೆ ನಂಬಿಕೆ ಬರಲಿಲ್ಲ.

"ಕೈಲೆ ಸರಿ ಮಾಡ್ರಿ ಮತ್ತ."

"ಆಗಲ್ಲ. ಕೈ ಹಾಕೋಕೆ ಜಾಗಾನೇ ಇಟ್ಟಿಲ್ಲ, ಯಾರೂ ಪ್ರಭಾವ ಬೀರಬಾರದು ಅಂತ. ಹೊಸದಾಗಿ ತಾಲೀಮು ಮಾಡಿಸಬೇಕು. ಬಿಟ್ಟುಕೊಡೋರು ಬಿಡಬಾರದು, ಬಿಡದೇ ಇರೋರು ಬಿಡಬೇಕು. ಅದನ್ನ ನೋಡಿದ್ರೆ ಮತ್ತೆ ಕಲಿಯುತ್ತೆ."

ಅವಳು ಇನ್‌ಸ್ಪೆಕ್ಟರಿಗೆ ಹೇಳಿದಳು. ಅವರು ಚೆಂಡುಹೂವಿನ ಮಾಲೆ ಇನ್ನೂ ಬಾಡಿಲ್ಲ, ಈಗಲೇ ಖೋಡಿ, ಹುಳುಕು ತೆಗೀಬ್ಯಾಡ ಎಂದರು. ಗಂಡನಿಗೆ ಹೇಳಿದಳು: "ಇನ್ನ ಮ್ಯಾಲ ಯಾರ ಅಡ್ಡ ಬಂದ್ರೂ ಗುಂಡಿ ಬಿಡಬ್ಯಾಡ್ರಿ." ಪರಸಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಡಿಸಿ ಸಾಹೇಬ್ರಿಗೂ?" ಎಂದ. "ಅವ್ರಿಗೂ." "ನೋಡೂಣು," ಎಂದ. ಆ ನೋಡೂಣು ಅವಳಿಗೆ ಗೊತ್ತಿದ್ದುದೇ. ಹೆಂಡತಿಗೆ ಇಲ್ಲ ಅನ್ನಲಾರದಾಗ ಅವನು ಆಡುವ ಮಾತು.

ಬೆಂಕಿ ಬಿದ್ದದ್ದು ಬೇಸಿಗೆಯ ಒಂದು ಮುಂಜಾನೆ, ಔಷಧದ ಕಚ್ಚಾಮಾಲು ಮಾಡುವ ಕಾರ್ಖಾನೆಯ ನೆಲಮಾಳಿಗೆಯ ಗೋದಾಮಿನಲ್ಲಿ. ಡ್ರಮ್ಮುಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ಡಿಸಿ, ಎಸ್‌ಪಿ, ಮ್ಯಾನೇಜರು, ಅಗ್ನಿಶಾಮಕದವರು, ಮಂತ್ರಿಗಳ ಆಪ್ತ ಸಹಾಯಕ, ಎಲ್ಲರೂ ಇದ್ದರು. ಏಕವಾಣಿ ಬಲು ಚೆಂದ ಕೆಲಸ ಮಾಡುತ್ತಿತ್ತು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಗದೆ, ಮದುವೆಯ ಪಂಕ್ತಿಯ ಹಾಗೆ ಸಾಲಾಗಿ ಬರುತ್ತಿದ್ದವು. ಪಕ್ಕದಲ್ಲಿ ಶ್ರೀವತ್ಸ ಹೆಮ್ಮೆಯಿಂದ ನಿಂತಿದ್ದ.

ಪರಸಪ್ಪ ಮತ್ತು ಅವನ ಮೂವರು ಜೊತೆಗಾರರು ಒಳಗೆ ಹೋಗಿ ಹೊತ್ತಾಗಿತ್ತು. ಒಳಗೆ ಹೋದ ಮೇಲೆ ಅವರಿಂದ ಒಂದು ಮಾತೂ ಬಂದಿರಲಿಲ್ಲ.

"ಗೋದಾಮಿಗೆ ಗ್ಯಾಸ್ ಬಿಡೋಣ ಸರ್," ಎಂದ ಮ್ಯಾನೇಜರು. "ಶಟರ್ ಇಳಿಸಿ ಕಾರ್ಬನ್ ಡೈಆಕ್ಸೈಡ್ ತುಂಬಿಸಿದ್ರೆ ಬೆಂಕಿ ಉಸಿರುಕಟ್ಟಿ ಸಾಯುತ್ತೆ. ತಡ ಮಾಡಿದ್ರೆ ಪಕ್ಕದ ಘಟಕಕ್ಕೆ ಹತ್ತುತ್ತೆ."

ಬೆಂಕಿಯ ಉಸಿರು ಕಟ್ಟಿಸುವ ಗ್ಯಾಸು ಮನುಷ್ಯರನ್ನು ಬಿಟ್ಟೀತೆ? ಮಹಾನಂದಾ ಕುರ್ಚಿಯ ತುದಿಗೆ ಬಂದಳು.

"ಒಳಗೆ ಯಾರಿದ್ದಾರೆ?" ಡಿಸಿ ಕೇಳಿದರು.

"ನಮ್ಮವರು ಯಾರೂ ಇಲ್ಲ ಸರ್. ದಳದವರೂ ಹಿಂದಿನ ಬಾಗಿಲಿಂದ ಬಂದಿರಬೇಕು."

"ರಕ್ಷಣಾ ದಳ, ಹೊರಗೆ ಬಂದಿದ್ದೀರಾ? ದಳದವರೇ?"

ಅದರ ಹಿಂದೆಯೇ ಎಸ್‌ಪಿ, ರಸ್ತೆ ಬಂದ್ ಮಾಡಿದ್ದೇವೆ ಎಂದರು. ಆಪ್ತ ಸಹಾಯಕ, ಮಂತ್ರಿಗಳು ಟಿವಿ ನೋಡುತ್ತಿದ್ದಾರೆ ಎಂದ. ಮ್ಯಾನೇಜರು ಗ್ಯಾಸಿನ ಮಾತು ಮತ್ತೆ ತೆಗೆದ. ದಳದಿಂದ ಉತ್ತರವಿಲ್ಲ.

ಮಹಾನಂದಾ ತನ್ನ ಮೈಕಿನ ಗುಂಡಿ ಒತ್ತಿದಳು. "ಕಂಟ್ರೋಲ್ ಮಾತಾಡಾಕತ್ತೀನಿ ಸರ್. ಗ್ಯಾಸ್ ಬಿಡಬ್ಯಾಡ್ರಿ, ದಳದವರು ಒಳಗ ಅದಾರ." ಸ್ಪೀಕರಿನಲ್ಲಿ ಅವಳ ದನಿ ಬರಲಿಲ್ಲ. ಮ್ಯಾನೇಜರನ ದನಿಯೇ ಹರಿಯುತ್ತಿತ್ತು. ಇನ್ನೊಮ್ಮೆ ಹೇಳಿದಳು. ಮುಂದೆ ಆಂಬುಲೆನ್ಸ್, ಅದರ ಹಿಂದೆ ಎಸ್‌ಪಿ. ಆಗ ಅವಳಿಗೆ ಹೊಳೆಯಿತು. ಕಂಟ್ರೋಲ್ ರೂಮಿನ ಹೆಂಗಸಿನ ದನಿಯೂ ಈವರೆಗೆ ಯಾವ ಸಾಹೇಬನ ಮಾತಿಗೂ ಅಡ್ಡ ಬಂದದ್ದಿಲ್ಲ. ಪೆಟ್ಟಿಗೆ ಅವಳನ್ನೂ ಸರಿಯಾಗಿ ಓದಿಕೊಂಡಿತ್ತು.

"ಉತ್ತರ ಇಲ್ಲ," ಎಂದರು ಡಿಸಿ. "ಅಂದರೆ ಹೊರಗಿದ್ದಾರೆ. ಶಟರ್ ಇಳಿಸಿ."

ಮಹಾನಂದಾ ಎದ್ದು ಹಿಂದಿನ ಕೋಣೆಗೆ ಹೋದಳು. ಪೆಟ್ಟಿಗೆಯ ವೈರು ಗೋಡೆಯಲ್ಲಿ ಎಲ್ಲಿ ಸೇರುತ್ತದೆಂದು ಬಗ್ಗಿ ನೋಡಿದಳು. ಶ್ರೀವತ್ಸ ಬೆನ್ನಿಗೇ ಬಂದ.

"ಮೇಡಂ, ಏನ್ ಮಾಡ್ತಿದ್ದೀರಿ? ಅದನ್ನ ಕಿತ್ರೆ ಒಂದು ಇಲಾಖೆಯವರ ಮಾತು ಇನ್ನೊಂದಕ್ಕೆ ಕೇಳಲ್ಲ. ಜನ ಸಾಯ್ತಾರೆ."

"ಅದಕ್ಕ ಕೀಳಾಕತ್ತೀನಿ."

ಪ್ಲಗ್ಗು ಕೈಗೆ ಬಂತು. ಸ್ಪೀಕರಿನ ಪಂಕ್ತಿ ನಡುವೆಯೇ ತುಂಡಾಯಿತು. ಅವಳು ಓಡಿಬಂದು ಕಪಾಟಿನ ಮೇಲಿದ್ದ ತನ್ನ ಹಳೆಯ ಸೆಟ್ಟುಗಳನ್ನು ಮೇಜಿಗೆ ಎಳೆದು, ದಳದ ಚಾನೆಲ್ಲಿಗೆ ತಿರುಗಿಸಿದಳು. ಗರಗರ. ಅದರೊಳಗಿಂದ ಕೆಮ್ಮು. ಕೆಮ್ಮಿನ ನಡುವೆ ಪರಸಪ್ಪನ ದನಿ, ಮೆತ್ತಗೆ, ಬಾಗಿಲ ಹೊರಗೆ ನಿಂತು ಕರೆಯುವವನ ಹಾಗೆ:

"ಸಾಹೇಬ್ರ... ಅಪ್ಪಣೆ ಆದ್ರ ಒಂದ ಮಾತ್ರಿ... ಇಲ್ಲಿ ಇಬ್ರು ಕಸಾ ಹೊಡಿಯೂ ಹೆಣ್ಮಕ್ಕಳ ಸಿಕ್ಕಾರ್ರಿ... ಹೊತ್ತಕೊಂಡು ಬರಾಕತ್ತೀವಿ... ಶಟರ್ ಇಳಸಾಕತ್ತಾರಲ್ರಿ... ಅಪ್ಪಣೆ ಆದ್ರ..."

ಎಷ್ಟು ಹೊತ್ತಿನಿಂದ ಹಾಗೆ ಕೇಳುತ್ತಿದ್ದನೋ. ಈ ಸಲ ಅವನು ಗುಂಡಿ ಬಿಟ್ಟಿರಲಿಲ್ಲ, ಹೆಂಡತಿಯ ಮಾತು ನಡೆಸಿದ್ದ. ಪೆಟ್ಟಿಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹಳಸಿತೆಂದು ಎಸೆದು, ಮತ್ತೆ ಇಟ್ಟುಕೊಂಡು, ಮತ್ತೆ ಎಸೆದಿತ್ತು.

ಅಳುವುದಕ್ಕೆ ವೇಳೆ ಇರಲಿಲ್ಲ. ಅವಳು ಡಿಸಿಯವರಿಗೂ ಕೇಳುವ ಪೊಲೀಸ್ ಸೆಟ್ಟು ಬಾಯಿಗೆ ಹಿಡಿದಳು. ನಡುವೆ ಈಗ ಯಾರೂ ಇಲ್ಲ.

"ಡಿಸಿ ಸರ್, ಶಟರ್ ಎತ್ತಸ್ರಿ. ಒಳಗ ಆರು ಮಂದಿ ಅದಾರ. ಇದು ಕಂಟ್ರೋಲ್. ಗ್ಯಾಸ್ ನಿಲ್ಲಸ್ರಿ."

"ಯಾರು ಮಾತಾಡೋದು? ಲಿಂಕ್ ಯಾಕೆ ಹೋಯ್ತು?"

"ನಾನ ಕಿತ್ತೀನಿ ಸರ್. ಅದನ್ನ ಆಮ್ಯಾಲ ಕೇಳ್ರಿ. ಶಟರ್ ಎತ್ತಸ್ರಿ."

ಮುಂದೆ ಅವಳು ಮೊದಲಿನ ಹಾಗೆ ತಾನೇ ಸೇತುವೆಯಾದಳು. ಅಗ್ನಿಶಾಮಕದವರಿಗೊಂದು, ಆಂಬುಲೆನ್ಸಿಗೊಂದು, ಗಂಡನಿಗೊಂದು: "ಬಾಗಲಾ ತಗೀತಾರ. ಎಡಕ್ಕ ಬರ್ರಿ. ಮಾತಾಡ್ರಿ ನೀವು, ಬಿಡಬ್ಯಾಡ್ರಿ, ನಾ ಕೇಳಾಕತ್ತೀನಿ."

ಗ್ಯಾಸು ಆಗಲೇ ಸ್ವಲ್ಪ ಒಳಗೆ ಹೊಕ್ಕಿತ್ತು. ದಳದ ನಾಲ್ವರೂ ಹೊರಗೆ ಬಂದರು. ಕಸ ಹೊಡೆಯುವ ಇಬ್ಬರಲ್ಲಿ ಒಬ್ಬಳು ಬದುಕಿದಳು. ಇನ್ನೊಬ್ಬಳು, ಯಮನವ್ವ, ಆಸ್ಪತ್ರೆಯ ಬಾಗಿಲಲ್ಲೇ ತೀರಿಕೊಂಡಳು. ಒಳಗೆ ನಮ್ಮವರು ಯಾರೂ ಇಲ್ಲ ಎಂದು ಮ್ಯಾನೇಜರು ಹೇಳಿದ್ದು ಸುಳ್ಳೇನಲ್ಲ. ಅವಳನ್ನು ಅವನು ತನ್ನವಳೆಂದು ಎಂದೂ ಎಣಿಸಿರಲಿಲ್ಲ.

ಡ್ರಮ್ಮುಗಳ ಹೊಗೆಗೆ ಪರಸಪ್ಪನ ಗಂಟಲು ಸುಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬಂದವನ ಬಾಯಿಯಿಂದ ಬರುತ್ತಿದ್ದುದು ಮಾತಲ್ಲ, ಒಣಗಿದ ಎಲೆಯ ಮೇಲೆ ನಡೆದಂಥ ಸದ್ದು. ಮಹಾನಂದಾ ಅಮಾನತಾದಳು. ತುರ್ತಿನ ಹೊತ್ತಿನಲ್ಲಿ ಸರಕಾರಿ ಸಂಪರ್ಕ ಕಡಿದ ಅಪರಾಧವಂತೆ. ಪತ್ರಿಕೆಗಳಲ್ಲಿ 'ತಾಂತ್ರಿಕ ದೋಷ' ಎಂದು ಬಂತು.

"ದೋಷ ಪೆಟ್ಟಿಗೀಗೆ ಹೊಂಟೈತಿ," ಎಂದಳು ದುರಗವ್ವ, ಮಗನಿಗೆ ಗಂಜಿ ಆರಿಸುತ್ತ. "ಪಾಪ ಅದಕ್ಕ ಬಾಯಿಲ್ಲ."

ಯಮನವ್ವನ ಓಣಿಯವರು ಮೊದಲು ಬಂದು ಡಿಸಿ ಕಚೇರಿಯ ಮುಂದೆ ಕೂತರು. ಅವರ ಹಿಂದೆ ಪೌರಕಾರ್ಮಿಕರು, ಟ್ಯಾಂಕು ತೊಳೆಯುವವರು, ಬಸಣ್ಣನ ಜೊತೆಗೆ ಮೆಣಸಿನಕಾಯಿ ಹಮಾಲರು. ಮಹಾನಂದಾ ಸಮವಸ್ತ್ರವಿಲ್ಲದೆ, ಸೀರೆಯುಟ್ಟು ಅವರ ನಡುವೆ ಕೂತಳು. ಅವರು ಕೇಳಿದ್ದು ಒಂದೇ: ಪೆಟ್ಟಿಗೆಗೆ ಹೊಸದಾಗಿ ಕಲಿಸಿರಿ, ನಮ್ಮ ಕಣ್ಣೆದುರಿಗೆ ಕಲಿಸಿರಿ. ಬಿಸಿಲು ಏರಿದಷ್ಟೂ ಜನ ಏರಿದರು. ಕೊನೆಗೆ ಡಿಸಿ ಹೊರಗೆ ಬಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ತೀರ ಸಲೀಸಾಯಿತೆಂದು ಮಹಾನಂದಾಳಿಗೆ ಅನ್ನಿಸಿತು.

ಪೊಲೀಸ್ ಕವಾಯತು ಮೈದಾನದಲ್ಲಿ ತಾಲೀಮು. ಒಂದು ಕಡೆ ಶಾಮಿಯಾನದ ಕೆಳಗೆ ಸಾಹೇಬರು, ಇನ್ನೊಂದು ಕಡೆ ಬಿಸಿಲಲ್ಲಿ ದಳದವರು. ಶ್ರೀವತ್ಸ ಎಲ್ಲರಿಗೂ ವಿವರಿಸಿದ: ಡಿಸಿ ಸರ್ ಸುರಕ್ಷತಾ ಸುತ್ತೋಲೆ ಓದುತ್ತಿರುತ್ತಾರೆ. ದಳದವರು ನಡುವೆ ಬಾಯಿ ಹಾಕಬೇಕು. ಆಗ ಡಿಸಿ ಸರ್ ಗುಂಡಿ ಬಿಡಬೇಕು. ಇಷ್ಟೇ. ಮತ್ತೆ ಮತ್ತೆ ಮಾಡಿದರೆ ಪೆಟ್ಟಿಗೆ ಕಲಿಯುತ್ತದೆ.

ಡಿಸಿ ಓದತೊಡಗಿದರು. ದಳದ ಮೊದಲನೆಯವನು ಗುಂಡಿ ಒತ್ತಿದ, ತುಟಿ ತೆರೆದ, ಬಿಟ್ಟ. ಎರಡನೆಯವನು ಒತ್ತಲೇ ಇಲ್ಲ, ಸೆಟ್ಟನ್ನು ಅಂಗಿಗೆ ಒರೆಸಿದ. ಶಾಮಿಯಾನದ ಕೆಳಗೆ ಯಾರೋ ನಕ್ಕರು. "ನೋಡಿದ್ರಾ, ಅವರಿಗೇ ಬೇಡ," ಎಂದ ಮ್ಯಾನೇಜರು, ಕೇಳಿಸಲೆಂದೇ.

ಪರಸಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಸೆಟ್ಟನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದ. ಗುಂಡಿ ಒತ್ತಿದ.

"ಸಾಹೇಬ್ರ," ಎಂದಿತು ಆ ಒಣ ಎಲೆಯ ದನಿ. "ನಿಲ್ಲಸ್ರಿ. ಈಗ ನಾ ಮಾತಾಡೂದೈತಿ."

ಡಿಸಿಯವರ ಓದು ಅರ್ಧ ಪದಕ್ಕೆ ಮುಗ್ಗರಿಸಿತು. ಮುಂದಿನ ಪದಕ್ಕೆ ತಾನಾಗಿಯೇ ಏರಿತು, ಅಲ್ಲಿ ನಿಂತಿತು. ಅವರು ಗುಂಡಿ ಬಿಡಬೇಕಾಗಿತ್ತು. ಒಪ್ಪಂದ ಹಾಗೇ ಇತ್ತು. ಶ್ರೀವತ್ಸ ಕೈಸನ್ನೆ ಮಾಡಿದ. ಪೆಟ್ಟಿಗೆಯ ಕಡೆಗೆ ಮಹಾನಂದಾ ಕಣ್ಣು ಹಾಯಿಸಲಿಲ್ಲ, ಡಿಸಿಯವರ ಹೆಬ್ಬೆರಳನ್ನೇ ನೋಡುತ್ತಿದ್ದಳು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಅದು ಗುಂಡಿಯ ಮೇಲೆ ಕೂತಿತ್ತು. ಅವರೇನೂ ಕೆಟ್ಟ ಮನುಷ್ಯರಲ್ಲ. ಬಿಡುವುದನ್ನು ಅವರಿಗೆ ಯಾರೂ ಯಾವತ್ತೂ ಕಲಿಸಿರಲಿಲ್ಲ.

"ನಾ ಕಾಯತೀನಿ," ಎಂದ ಪರಸಪ್ಪ, ಗುಂಡಿ ಬಿಡದೆ. "ನನ್ನ ಬೆರಳ ನೋಯೂದಿಲ್ಲ."

ಅವನ ಎಡಕ್ಕಿದ್ದವನು ಸೆಟ್ಟೆತ್ತಿ ಒತ್ತಿದ. ಬಲಕ್ಕಿದ್ದವನೂ ಒತ್ತಿದ. ಅಂಗಿಗೆ ಒರೆಸಿಕೊಳ್ಳುತ್ತಿದ್ದವನು ಒರೆಸುವುದು ನಿಲ್ಲಿಸಿ ಒತ್ತಿದ. ಡಿಸಿಯವರ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಬಿಸಿಲಲ್ಲಿ ನಿಂತವರಲ್ಲಿ ಒಬ್ಬರೂ ಬೆರಳು ತೆಗೆಯಲಿಲ್ಲ.